ಕಾಕಾನ ಕೆಂಪು ಪೆನ್ಸಿಲ್: ನಾರಾಯಣ ಪೇಟೆಯ ಪ್ರೆಸ್ಸೊಂದರಲ್ಲಿ ನಾಲ್ಕು ಪುಸ್ತಿಕೆ

ಪ್ರೆಸ್ಸಿನ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಗಳುವುದು ಎಷ್ಟಿದೆಯೋ ದೂರುವುದೂ ಹೆಚ್ಚುಕಡಿಮೆ ಅಷ್ಟೇ ಇದೆ. ಮೇಲಾಗಿ ಮಾಲೀಕರು ಕನ್ನಡ ಓದುತ್ತಾರೆ. ಪುಣೆಯ ನಾರಾಯಣ ಪೇಟೆ, ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿ, ಕೆಳಗೆ ಮಷಿನ್, ಮೇಲೆ ಬೈಂಡಿಂಗ್. ಇಷ್ಟು ಸಾಕು. ಎರಡು ವರ್ಷದಲ್ಲಿ ನಾವು ಇಲ್ಲಿ ನಾಲ್ಕು ಪುಸ್ತಿಕೆ ಅಚ್ಚು ಹಾಕಿಸಿದ್ದೇವೆ.

ನಾವು ಅಂದರೆ ಮೂರು ಜನ. ನಾನು ಸಾಗರದವಳು, ಹಗಲಲ್ಲಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ರಾತ್ರಿ ಬರವಣಿಗೆ. ನನ್ನ ಗಂಡ ಪುಟ ಕಟ್ಟುತ್ತಾನೆ. ಕಾರವಾರದ ಗೆಳತಿಯೊಬ್ಬಳು ಚಿತ್ರ ಬರೆಯುತ್ತಾಳೆ. ಶನಿವಾರ ಸಂಜೆ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಆಟ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡುವ ಕಥೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ಗೆಲುವು ಸೋಲು ದಾಳದ ಮೇಲೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದೆಲ್ಲ ಶುರುವಾಯಿತು. ನಿಯಮದ ಪುಸ್ತಕ ಇದ್ದರೆ ಆಡಬಹುದು. ಅದಕ್ಕೆ ಹೊಸ ಊರು, ಹೊಸ ರಾಕ್ಷಸರು, ಹೊಸ ಸಾಹಸ ಸೇರಿಸುವ ಪುಸ್ತಿಕೆಗಳಿಗೆ ಸಪ್ಲಿಮೆಂಟ್ ಅನ್ನುತ್ತಾರೆ. ನಾವು ಮಾಡುವುದು ಅದನ್ನೇ, ಕನ್ನಡದಲ್ಲಿ.

ಇಂಥದ್ದನ್ನು ಪುಣೆಯಲ್ಲಿ ಯಾರು ಅಚ್ಚು ಹಾಕುತ್ತಾರೆ? ಹಾಕುವವರು ಬೇಕಾದಷ್ಟಿದ್ದಾರೆ. ಆದರೆ ಕನ್ನಡ ಕಂಡರೆ ಅವರಿಗೆ ಅದೊಂದು ಚಿತ್ರ ಇದ್ದಂತೆ. ಒಂದು ಕಡೆ ಟ್ರಯಲ್ ತೆಗೆಸಿದಾಗ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂತಿದ್ದವು. ‘ಬ್ರಹ್ಮರಾಕ್ಷಸ’ ನೋಡಲಾಗುತ್ತಿರಲಿಲ್ಲ. ಅಲ್ಲಿದ್ದ ಹುಡುಗ ಚೆನ್ನಾಗಿ ಬಂದಿದೆ ಅಂತ ನಗುತ್ತಾ ಕೊಟ್ಟ. ಆಮೇಲೆ ಯಾರೋ ಈ ಗಲ್ಲಿ ತೋರಿಸಿದರು. ಮಾಲೀಕರು ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ, ವಯಸ್ಸು ಎಪ್ಪತ್ತರ ಹತ್ತಿರ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಮ್ಮ ಪುಟವನ್ನು ಒಮ್ಮೆ ನೋಡಿ ಮೊದಲು ಹೇಳಿದ್ದು, “ಫಾಂಟ್ ಎಲ್ಲಾ ಕರ್ವ್ಸ್ ಮಾಡಿ ತಗೊಂಡ್ ಬಾ ತಂಗಿ. ಒತ್ತು ಎಲ್ಲಿ ಹೋಗ್ತಾವ ನೋಡೂಣಂತ.” ಕರ್ವ್ಸ್ ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ಚಿತ್ರದ ಗೆರೆಗಳಾಗಿ ಬದಲಿಸುವುದು. ಆವತ್ತಿಂದ ಒಂದೇ ಒಂದು ಒತ್ತು ಕೂಡ ಎಲ್ಲಿಗೂ ಹೋಗಿಲ್ಲ.

ಆದರೆ ನಾನು ಹೇಳಬೇಕಾದದ್ದು ಅಚ್ಚಿನ ಬಗ್ಗೆ ಅಷ್ಟೇ ಅಲ್ಲ. ಯಾವ ಪುಸ್ತಿಕೆ ಯಾವಾಗ ಬರಬೇಕು ಅಂತ ನಮಗೆ ಕಲಿಸಿದ್ದು ಈ ಪ್ರೆಸ್ಸು. ಅದಕ್ಕೆ ಬಿಲ್ ಹಾಕಿಲ್ಲ.

2023ರ ಜನವರಿಯಲ್ಲಿ ನಮ್ಮ ಹತ್ತಿರ ಒಂದು ಎಕ್ಸೆಲ್ ಶೀಟ್ ಇತ್ತು. ಮಾರ್ಚ್, ಏಪ್ರಿಲ್, ಮೇ, ಜೂನ್, ತಿಂಗಳಿಗೊಂದರಂತೆ ನಾಲ್ಕು ಪುಸ್ತಿಕೆ. ಬಣ್ಣ ಬಣ್ಣದ ಕಾಲಂ. ನೋಡೋಕೆ ಬಲು ಚೆಂದ. ಈ ಹುಚ್ಚು ಬಂದದ್ದು ಅಮೆರಿಕದ ಪೈಜೋ ಕಂಪನಿಯನ್ನು ನೋಡಿ. ಅವರು 2007ರ ಆಗಸ್ಟ್‌ನಲ್ಲಿ ಪಾತ್‌ಫೈಂಡರ್ ಅಡ್ವೆಂಚರ್ ಪಾತ್ ಶುರು ಮಾಡಿದರು. ತಿಂಗಳಿಗೊಂದು, 96 ಪುಟ, ಆರು ಸಂಚಿಕೆಗೆ ಒಂದು ದೊಡ್ಡ ಕಥೆ. ವರ್ಷಗಟ್ಟಲೆ ಹಾಗೇ ನಡೆಸಿದರು. ಅವರು 96 ಪುಟ ಕೊಟ್ಟರೆ ನಾವು 48 ಕೊಡಲಾರೆವಾ ಅನ್ನುವುದು ನಮ್ಮ ಲೆಕ್ಕ. ಅವರಿಗೆ ಸಂಬಳದ ಸಂಪಾದಕರಿದ್ದಾರೆ, ಮೊದಲೇ ದುಡ್ಡು ಕಟ್ಟಿದ ಚಂದಾದಾರರಿದ್ದಾರೆ, ಬೇರೆ ಬೇರೆ ಸಂಚಿಕೆಯನ್ನು ಬೇರೆ ಬೇರೆ ಲೇಖಕರು ಒಟ್ಟಿಗೇ ಬರೆಯುತ್ತಿರುತ್ತಾರೆ. ನಮ್ಮಲ್ಲಿ ಬರೆಯುವವಳು ನಾನೊಬ್ಬಳೇ. ಮೇಲಿಂದ ರಿಲೀಸ್ ವಾರ ಬಂದರೆ ಆಫೀಸಿನಲ್ಲೇ ರಾತ್ರಿ ಹತ್ತಾಗುತ್ತದೆ.

ಕಾಕಾ ಶೀಟ್ ನೋಡಿ ಏನೂ ಅನ್ನಲಿಲ್ಲ. “ಪುಸ್ತಕದ ಸೈಜ್ ಏನು?” ಅಂತ ಕೇಳಿದರು. ಎ5 ಅಂದೆ. ಅವರು ಸ್ಕೇಲ್ ತೆಗೆದರು. ಅವರ ಮಷಿನ್‌ಗೆ ಹೋಗುವುದು 18 ಇಂಚು 23 ಇಂಚಿನ ಹಾಳೆ. ಒಂದು ಮಗ್ಗುಲಿಗೆ ಎಂಟು ಪುಟ, ಎರಡೂ ಕಡೆ ಸೇರಿ ಹದಿನಾರು, ಅದೇ ಒಂದು ಫರ್ಮಾ. ಎ5 ಪುಟದ ಅಗಲ 148 ಮಿಲಿಮೀಟರ್. ನಾಲ್ಕು ಪುಟ ಪಕ್ಕ ಪಕ್ಕ ಇಟ್ಟರೆ 592, ಅಂದರೆ 23 ಇಂಚು ದಾಟಿತು. ಒಂದು ಕೂದಲಿನಷ್ಟು ಜಾಸ್ತಿಯಾದರೂ ಫರ್ಮಾ ಕೂರುವುದಿಲ್ಲ. ದೊಡ್ಡ ಹಾಳೆ ತಂದು ಕತ್ತರಿಸಿ ಬಿಸಾಡಬೇಕು. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ ಮಾಡಿದರೆ ಕಟಿಂಗ್‌ಗೆ ಜಾಗ ಬಿಟ್ಟೂ ನೆಟ್ಟಗೆ ಕೂರುತ್ತದೆ. ನನ್ನ ಗಂಡ ಎಂಟು ಮಿಲಿಮೀಟರ್‌ಗೋಸ್ಕರ 48 ಪುಟ ಮತ್ತೆ ಕಟ್ಟಿದ. ಒಂಬತ್ತು ರಾತ್ರಿ ಹಿಡಿಯಿತು. ಎಕ್ಸೆಲ್ ಶೀಟಿನಲ್ಲಿ ಆ ಒಂಬತ್ತು ರಾತ್ರಿಗೆ ಕಾಲಂ ಇರಲಿಲ್ಲ. ಪುಟ ಕಟ್ಟುವ ಮೊದಲೇ ಪ್ರೆಸ್ಸಿಗೆ ಹೋಗಿ ಹಾಳೆಯ ಅಳತೆ ಕೇಳಿಕೊಂಡು ಬನ್ನಿ. ಈ ಬರಹದಿಂದ ನಿಮಗೆ ಬೇರೇನೂ ಸಿಗದಿದ್ದರೂ ಇದು ಸಿಗಲಿ.

ಅದೇ ಹೊತ್ತಿಗೆ ಇನ್ನೊಂದು ರಗಳೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನು ಆಧರಿಸಿ ಬೇರೆಯವರು ಪುಸ್ತಕ ತರಲು 2000ದಿಂದ ಓಪನ್ ಗೇಮ್ ಲೈಸೆನ್ಸ್ ಅಂತ ಒಂದು ಪರವಾನಗಿ ಇತ್ತು. 2023ರ ಜನವರಿ ಶುರುವಿನಲ್ಲಿ ಅದನ್ನು ಬದಲಿಸುವ ಕರಡು ಹೊರಬಿದ್ದು ಜಗತ್ತಿನಾದ್ಯಂತ ಗಲಾಟೆ ಎದ್ದಿತು. ನಮ್ಮ ಕೊನೆಯ ಪುಟದಲ್ಲಿ ಇದ್ದದ್ದು ಅದೇ ಲೈಸೆನ್ಸ್. ಮೂರು ವಾರ ಫೈಲ್ ಮುಟ್ಟಲಿಲ್ಲ. ಜನವರಿ 27ಕ್ಕೆ ಆಟದ ಮಾಲೀಕ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಹಿಂದೆ ಸರಿಯಿತು, ಎಸ್‌ಆರ್‌ಡಿ 5.1 ಅನ್ನುವ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತು. ಮೂಲ ಯಾರದ್ದು ಅಂತ ಹೇಳುವ ಸಾಲುಗಳನ್ನು ಅಚ್ಚು ಹಾಕಿದರೆ ಸಾಕಾಯಿತು. ನಾವು ಒಂದು ಪುಟ ತೆಗೆದು ನಾಲ್ಕು ಸಾಲು ಹಾಕಿದೆವು. “ಪ್ಲೇಟ್ ಹೊಡೆದಿದ್ದಿಲ್ಲ, ಪುಣ್ಯಾ ಮಾಡಿದ್ದಿ” ಅಂದರು ಕಾಕಾ. ಪ್ಲೇಟ್ ಅಂದರೆ ಪುಟಗಳನ್ನು ಮೂಡಿಸಿ ಮಷಿನ್‌ಗೆ ಹಾಕುವ ತಗಡು, ಅದಾದ ಮೇಲೆ ತಿದ್ದಲು ಆಗುವುದಿಲ್ಲ.

ಹೀಗೆ ಮೊದಲನೆಯದು ಯುಗಾದಿಯ ದಿನ ಬಂತು, ಮಾರ್ಚ್ 22. ಭೂತ ದೆವ್ವಗಳ ಪುಸ್ತಿಕೆ. ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ, ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದರೆ ವಾಪಸ್ ಹೋಗುವ ಹೆಂಗಸು. ಅದನ್ನು ಆಟದಲ್ಲಿ ತಂದ ದಿನ ನಮ್ಮ ಟೇಬಲ್‌ನಲ್ಲಿ ಒಬ್ಬ ಇದ್ದಿಲು ಹುಡುಕಿಕೊಂಡು ಊರೆಲ್ಲ ಓಡಿದ್ದ. ಅಚ್ಚು ಚೆನ್ನಾಗಿತ್ತು. 80 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ, ಒಳಗೆ ಒಂದೇ ಬಣ್ಣ, ಮುಖಪುಟ ಆರ್ಟ್ ಕಾರ್ಡ್ ಮೇಲೆ ನಾಲ್ಕು ಬಣ್ಣ, ನಡುವೆ ಎರಡು ಪಿನ್. 500 ಪ್ರತಿಗೆ 23,500 ರೂಪಾಯಿ. 300 ಸಾಕು ಅಂದಾಗ 20,000 ಹೇಳಿದ್ದರು. ಪ್ಲೇಟ್, ಮಷಿನ್ ಸೆಟ್ ಮಾಡುವ ಖರ್ಚು ಎಷ್ಟು ಪ್ರತಿ ತೆಗೆದರೂ ಅಷ್ಟೇ. ಅದಕ್ಕೆ 500 ಹಾಕಿಸಿದೆವು. ಈಗ ಯೋಚಿಸಿದರೆ, 200 ಪ್ರತಿ ಮಂಚದ ಕೆಳಗೆ ಒಂದು ವರ್ಷ ಮಲಗಿದ್ದವು.

ಎರಡನೆಯದರಲ್ಲಿ ಬಿದ್ದೆವು. ಅದು ಘಟ್ಟದ ಮೇಲಿನ ಹಾಳು ಕೋಟೆಯೊಂದರ ಸಾಹಸ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಗಣೇಶ ಚತುರ್ಥಿ ಸೆಪ್ಟೆಂಬರ್ 19ಕ್ಕೆ ಹೋಗಿತ್ತು. ಪುಣೆಯಲ್ಲಿ ಇರುವವರಿಗೆ ಗೊತ್ತು, ಗಣಪತಿಯ ಹತ್ತು ದಿನ ಪೇಟೆಯೊಳಗೆ ಹಾಳೆಯ ಟೆಂಪೋ ಅಲ್ಲ, ಸೈಕಲ್ ತರುವುದೂ ಕಷ್ಟ. ಹಾಗಾದರೆ ಆಗಸ್ಟ್ ಪೂರ್ತಿ ಖಾಲಿ ಅಂತ ನಾನು ಅಂದುಕೊಂಡೆ. ಆಗಸ್ಟ್ 16ಕ್ಕೆ ಫೈಲ್ ಕೊಟ್ಟು ಸೆಪ್ಟೆಂಬರ್ 10ಕ್ಕೆ ಬಿಡುಗಡೆ ಅಂತ ಸಾರಿಬಿಟ್ಟೆ. 83 ಜನ ದುಡ್ಡು ಕಟ್ಟಿದರು.

ದಿವಾಳಿ ಅಂಕ ಮರೆತಿದ್ದೆ. ಮರೆತಿದ್ದೆ ಅಲ್ಲ, ಗೊತ್ತೇ ಇರಲಿಲ್ಲ. ಮರಾಠಿಯಲ್ಲಿ ದೀಪಾವಳಿಗೆ ನೂರಾರು ವಿಶೇಷಾಂಕ ಬರುತ್ತವೆ. 1909ರಲ್ಲಿ ಕಾಶೀನಾಥ ರಘುನಾಥ ಮಿತ್ರ ಅವರು ‘ಮನೋರಂಜನ’ದ ದಿವಾಳಿ ಅಂಕ ತಂದಾಗಿನಿಂದ ನಡೆದುಬಂದ ಪದ್ಧತಿ. ಅದರಲ್ಲಿ ದೊಡ್ಡ ಪಾಲು ಅಚ್ಚಾಗುವುದು ಪುಣೆ ಮುಂಬೈಗಳಲ್ಲಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪೇಟೆಯ ಪ್ರೆಸ್ಸುಗಳಿಗೆ ಬೇರೆ ಜಗತ್ತೇ ಇಲ್ಲ. ನಮ್ಮ 48 ಪುಟ ಅದರ ಅಡಿಯಲ್ಲಿ ಹೂತುಹೋಯಿತು. ಫೋನ್ ಮಾಡಿದರೆ “ನಾಳೆ ಬಾ ತಂಗಿ” ಅನ್ನುತ್ತಿದ್ದರು. ನನ್ನದೇ ದೆವ್ವ ನನಗೇ ತಿರುಗಿ ಬಂದಿತ್ತು. ಪುಸ್ತಿಕೆ ಕೈಗೆ ಸಿಕ್ಕಿದ್ದು ದೀಪಾವಳಿ ಕಳೆದು, ನವೆಂಬರ್ ಕೊನೆಗೆ. 11 ಜನ ದುಡ್ಡು ವಾಪಸ್ ಕೇಳಿದರು. ಕೊಟ್ಟೆವು.

ಇಲ್ಲಿ ಕಾಕಾನ ತಪ್ಪು ಇದೆ. ಆಗಸ್ಟ್‌ನಲ್ಲೇ ಆಗುವುದಿಲ್ಲ ಅನ್ನಬೇಕಿತ್ತು. ಅವರು ಯಾರಿಗೂ ಆಗುವುದಿಲ್ಲ ಅನ್ನುವುದಿಲ್ಲ. ಜಗಳ ಆಡಲೆಂದೇ ಹೋದೆ. ಎದುರಿನ ಅಮೃತತುಲ್ಯದಿಂದ ಚಹಾ ತರಿಸಿದರು, ಗೋಡೆಯ ಕ್ಯಾಲೆಂಡರ್ ಇಳಿಸಿದರು, ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದರು. “ನಿಂಗ ಎಂದ ಬೇಕು ಅದನ್ನ ಮೊದಲ ಬರಿ. ಆಮ್ಯಾಲೆ ಹಿಂದಕ್ಕ ಎಣಿಸು.”

ನಾನು ಯಾವತ್ತೂ ಮುಂದಕ್ಕೆ ಎಣಿಸುತ್ತಿದ್ದೆ. ಇವತ್ತು ಬರೆಯಲು ಕೂತರೆ ಇಷ್ಟು ದಿನಕ್ಕೆ ಮುಗಿಯುತ್ತದೆ, ಆಮೇಲೆ ಚಿತ್ರ, ಆಮೇಲೆ ಪ್ರೆಸ್ಸು. ಅವರು ಬಿಡುಗಡೆಯ ದಿನಕ್ಕೆ ಸುತ್ತು ಹಾಕಿ ಎಡಕ್ಕೆ ಹೊರಟರು. ಅಂಚೆಯಲ್ಲಿ ಎಲ್ಲರ ಮನೆ ಮುಟ್ಟಲು ಹತ್ತು ದಿನ. ಮಡಚಿ, ಪಿನ್ ಹೊಡೆದು, ಕಟಿಂಗ್ ಮಾಡಲು ಮೂರು. ಇಂಕ್ ಒಣಗಲು ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಮೂರು. ಮಷಿನ್‌ಗೆ ಎರಡೇ ದಿನ ಸಾಕು. ಆದರೆ ಆ ಎರಡು ದಿನ ಯಾವ ವಾರದಲ್ಲಿ ಸಿಗುತ್ತದೆ ಅನ್ನುವುದೇ ಪ್ರಶ್ನೆ, ಅದಕ್ಕೆ ಎರಡು ವಾರದ ಜಾಗ ಬಿಡಬೇಕು. ಅದಕ್ಕೂ ಹಿಂದೆ ಪ್ರೂಫ್. ಅಲ್ಲಿಂದಾಚೆ ನಮ್ಮ ಕೆಲಸ: ಪುಟ, ಚಿತ್ರ, ಬರಹ. ಎಲ್ಲ ಸೇರಿ ಹದಿನೈದು ವಾರ. ನಾನು ಐದು ಅಂದುಕೊಂಡಿದ್ದೆ.

ಮುಟ್ಟಬಾರದ ದಿನಗಳಿಗೆ ಗೀಟು ಎಳೆದರು. ಆಗಸ್ಟ್‌ನಿಂದ ದೀಪಾವಳಿವರೆಗೆ ಪೂರ್ತಿ ಗೀಟು. ನವೆಂಬರ್ ಡಿಸೆಂಬರ್ ಡೈರಿ, ಕ್ಯಾಲೆಂಡರ್. ಮೇ ಜೂನ್‌ನಲ್ಲಿ ಅಪ್ಪಾ ಬಳವಂತ ಚೌಕದ ಅಂಗಡಿಗಳಿಗೆ ಶಾಲೆಯ ಗೈಡುಗಳು. ಮದುವೆಯ ಪತ್ರಿಕೆಗಳಿಗೆ ಗೀಟು ಬೇಡ, ಸಣ್ಣ ಮಷಿನ್ ಇದೆ. ಉಳಿದದ್ದು ಜನವರಿ ನಡುವಿನಿಂದ ಏಪ್ರಿಲ್, ಆಮೇಲೆ ಜುಲೈನಲ್ಲಿ ಒಂದು ಸಂದು. ವರ್ಷಕ್ಕೆ ಎರಡು. ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಆಗಸ್ಟ್ ಆಸುಪಾಸಿನ ಜೆನ್ ಕಾನ್ ಮೇಳಕ್ಕೆ ಹೊಂದಿಸಿ ಪುಸ್ತಕ ತರುತ್ತವೆ. ನಾನೂ ಅದನ್ನೇ ನೋಡಿ ಆಗಸ್ಟ್ ಆಗಸ್ಟ್ ಅನ್ನುತ್ತಿದ್ದೆ. ಇಂಡಿಯಾನಾಪೊಲಿಸ್‌ನ ಮೇಳಕ್ಕೂ ನಾರಾಯಣ ಪೇಟೆಯ ಮಷಿನ್‌ಗೂ ಏನು ಸಂಬಂಧ ಹೇಳಿ?

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ಮೊದಲನೇದ್ದು ಮಂದಿ ಓದಿ ಮುಗಿಸ್ಯಾರೇನು?” ದಿವಾಳಿ ಅಂಕವನ್ನು ಜನ ಹೋಳಿಯವರೆಗೂ ಓದುತ್ತಾರಂತೆ. ಅದಕ್ಕೇ ಅದು ವರ್ಷಕ್ಕೊಂದು. ಮನೆಗೆ ಬಂದು ನಮ್ಮದೇ ಟೇಬಲ್‌ನ ಲೆಕ್ಕ ತೆಗೆದೆ. ಕೋಟೆಯ ಸಾಹಸ ಮುಗಿಸಲು ನಮಗೆ ಏಳು ಶನಿವಾರ ಬೇಕಾಗಿತ್ತು. ಆದರೆ ಒಬ್ಬನಿಗೆ ಜ್ವರ, ಇನ್ನೊಬ್ಬಳಿಗೆ ಊರಲ್ಲಿ ಮದುವೆ, ನನಗೆ ಆಫೀಸು. ಏಳು ಶನಿವಾರ ಆಗಲು ಮೂರೂವರೆ ತಿಂಗಳು ಹಿಡಿದಿತ್ತು. ತಿಂಗಳಿಗೊಂದು ಸಾಹಸ ತಂದಿದ್ದರೆ ನಾವೇ ಕೊಳ್ಳುತ್ತಿರಲಿಲ್ಲ!

ದೊಡ್ಡವರೂ ಬಿಡುವು ಕೊಟ್ಟೇ ತಂದಿದ್ದಾರೆ ಅಂತ ಆಮೇಲೆ ಗಮನಿಸಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳು ಒಂದೇ ದಿನ ಬರಲಿಲ್ಲ. 2014ರಲ್ಲಿ ಆಟಗಾರರ ಪುಸ್ತಕ ಆಗಸ್ಟ್ 19ಕ್ಕೆ, ರಾಕ್ಷಸರದ್ದು ಸೆಪ್ಟೆಂಬರ್ 30ಕ್ಕೆ, ಆಟ ನಡೆಸುವವರದ್ದು ಡಿಸೆಂಬರ್ 9ಕ್ಕೆ. ಹತ್ತು ವರ್ಷದ ನಂತರ ಪರಿಷ್ಕರಿಸಿದಾಗ ಇನ್ನೂ ದೂರ ದೂರ: 2024ರ ಸೆಪ್ಟೆಂಬರ್ 17, ನವೆಂಬರ್ 12, ಆಮೇಲೆ 2025ರ ಫೆಬ್ರುವರಿ 18. ಎರಡು ಸಲವೂ ಆಟಗಾರರ ಪುಸ್ತಕವೇ ಮೊದಲು. ಇದಕ್ಕೆ ಉಲ್ಟಾ ಮಾಡಿದ್ದು ಮೊದಲು ಈ ಆಟ ತರುತ್ತಿದ್ದ ಹಳೆಯ ಟಿಎಸ್‌ಆರ್ ಕಂಪನಿ. 1990ರ ದಶಕದಲ್ಲಿ ಒಂದರ ಮೇಲೊಂದು ಹೊಸ ಲೋಕ, ಪ್ರತಿ ಲೋಕಕ್ಕೂ ಸಾಲು ಸಾಲು ಪುಸ್ತಕ. ಒಂದು ಲೋಕದಲ್ಲಿ ಆಡುವವರು ಇನ್ನೊಂದರದ್ದು ಕೊಳ್ಳಲಿಲ್ಲ. ಮಾರಾಟವಾಗದವು ವಾಪಸ್ ಬಂದವು. ಸಾಲ ಬೇರೆ. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಆ ಕಂಪನಿಯನ್ನೇ ಕೊಂಡಿತು.

ಆಟಗಾರರದ್ದು ಮೊದಲು ಯಾಕೆ ಅಂತ ಕಾಕಾಗೆ ಹೇಳುವ ಮೊದಲೇ ಅವರು ಹೇಳಿದರು. “ಉಣ್ಣಾವ್ರು ಐದು ಮಂದಿ, ಅಡಿಗಿ ಮಾಡಾವ್ರು ಒಬ್ರು. ಯಾರಿಗೆ ಮಾರ್ತಿ?” ದೆವ್ವಗಳ ಪುಸ್ತಿಕೆ ಕೊಳ್ಳುವುದು ಟೇಬಲ್‌ಗೆ ಒಬ್ಬರೇ, ಆಟ ನಡೆಸುವವರು. ಮಂಚದ ಕೆಳಗಿನ 200 ಪ್ರತಿಗೆ ಕಾರಣ ಅದೇ. ಮೂರನೆಯದಾಗಿ ಇನ್ನೊಂದು ಸಾಹಸ ಅಂತ ಇತ್ತು. ಅದನ್ನು ಪಕ್ಕಕ್ಕಿಟ್ಟು ಆಟಗಾರರ ಪಾತ್ರಗಳ ಪುಸ್ತಿಕೆ ಮಾಡಿದೆವು. ಕಂಬಳದ ಓಟಗಾರ, ಹಗಲುವೇಷದವ, ಜೇನು ಕೀಳುವವಳು. ಹಿಂದಿನ ಎರಡು ಇಲ್ಲದಿದ್ದರೂ ಓದಿ ಆಡುವಂತೆ ಬರೆದೆ. 500 ಪ್ರತಿ ಎಂಟು ತಿಂಗಳಲ್ಲಿ ಮುಗಿಯಿತು.

ಪಿಡಿಎಫ್ ಬಗ್ಗೆ ಕಾಕಾಗೂ ನನಗೂ ಜಗಳ ಆಗಿ ಒಪ್ಪಂದಕ್ಕೆ ಬಂದಿದ್ದೇವೆ. ದುಡ್ಡು ಕಟ್ಟಿದವರಿಗೆ ಅಚ್ಚಿಗೆ ಮೂರು ವಾರ ಮೊದಲು ಪಿಡಿಎಫ್ ಕಳಿಸುತ್ತೇವೆ. ಓದುಗರು ತಪ್ಪು ಹುಡುಕಿ ಕೊಡುತ್ತಾರೆ, ಖುಷಿಯಿಂದಲೇ ಕೊಡುತ್ತಾರೆ. ಕಳೆದ ಸಲ 61 ಬಂದವು. ಹತ್ತು ದಿನ ತಪ್ಪು ತಗೊಳ್ಳುವುದು, ಆಮೇಲೆ ಬಾಗಿಲು ಹಾಕುವುದು. ಪ್ಲೇಟ್ ಹೊಡೆದ ಮೇಲೆ ನಾನು ಬಾಯಿ ಬಿಡುವ ಹಾಗಿಲ್ಲ.

ಇಷ್ಟೆಲ್ಲ ಎಣಿಸಿದರೂ ಮೂರನೆಯದು ಐದು ದಿನ ತಡವಾಯಿತು. ತೆಗೆದುಕೊಂಡು ಹೋಗಬೇಕಿದ್ದ ದಿನ 2024ರ ಜುಲೈ 25. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟು ಭಿಡೆ ಸೇತುವೆ ಮುಳುಗಿತ್ತು, ಅರ್ಧ ಪುಣೆ ನೀರಲ್ಲಿತ್ತು. ಪುಸ್ತಿಕೆಗಳನ್ನು ಕಾಕಾ ಮೇಲಿನ ಮಹಡಿಗೆ ಸಾಗಿಸಿದ್ದರು, ಅದಕ್ಕೆ ಋಣಿ.

ಇನ್ನು ದೂರುಗಳು. ಮಧ್ಯಾಹ್ನ ಒಂದರಿಂದ ನಾಲ್ಕು ಶಟರ್ ಎಳೆದಿರುತ್ತದೆ, ಫೋನ್ ಕೂಡ ಎತ್ತುವುದಿಲ್ಲ. ಪುಣೆಯ ಬಗ್ಗೆ ಇರುವ ಜೋಕು ಅಂದುಕೊಂಡಿದ್ದೆ, ಅಲ್ಲ. ಎಸ್ಟಿಮೇಟ್ ಕಾಗದದ ಮೇಲೆ ಕೊಡುವುದಿಲ್ಲ, ಚಹಾ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಡುತ್ತಾರೆ. ಪ್ಯಾಕಿಂಗ್ ಅಂದರೆ ಹಳೆ ಪೇಪರ್ ಮತ್ತು ಸುತಳಿ. ಪ್ರತಿ ಸಲ ಇಪ್ಪತ್ತು ಮೂವತ್ತು ಪ್ರತಿಯ ಮೂಲೆ ಜಜ್ಜಿರುತ್ತದೆ, ಈಗ ರಟ್ಟು ನಾವೇ ಕೊಂಡೊಯ್ಯುತ್ತೇವೆ. ನಾಲ್ಕನೆಯ ಪುಸ್ತಿಕೆ ಕೊಂಕಣ ಕರಾವಳಿಯದ್ದು. ಮುಖಪುಟದ ಸಮುದ್ರ ನೇರಳೆಯಾಗಿ ಬಂತು. ಅರ್ಧ ತಪ್ಪು ನಮ್ಮದು, ಪರದೆಯ ನೀಲಿಯನ್ನು ನಂಬಿದ್ದೆವು. ಇನ್ನರ್ಧ ಅವರದ್ದು, ಬಣ್ಣದ ಪ್ರೂಫ್ ಕೇಳಿದರೆ “ಯಾಕ ಸುಮ್ನ ಖರ್ಚು” ಅಂದಿದ್ದರು. ಗೆಳತಿ ಕಾರವಾರದಿಂದ ಫೋನ್ ಮಾಡಿ ಇದು ಯಾವ ಊರಿನ ಸಮುದ್ರ ಅಂತ ಕೇಳಿದಳು.

ಮಳೆಗಾಲದ ಲ್ಯಾಮಿನೇಶನ್ ಕೂಡ ನೆಚ್ಚಿಕೊಳ್ಳಬೇಡಿ. ಮುಖಪುಟ ಸುರುಳಿ ಸುತ್ತಿಕೊಳ್ಳುತ್ತದೆ.

ಐದಕ್ಕೆ ಎಷ್ಟು ಕೊಡುತ್ತೀಯ ಅಂದರೆ ಅಚ್ಚಿಗೆ ಮೂರೂವರೆ, ಮಾತಿಗೆ ಒಂದೂವರೆ, ಕ್ಯಾಲೆಂಡರ್‌ಗೆ ಐದು. ಬಣ್ಣದ ಪುಟ ಜಾಸ್ತಿ ಇರುವ ದೊಡ್ಡ ಪುಸ್ತಕಕ್ಕಾದರೆ ಬೇರೆ ಕಡೆ ಹೋಗಿ. ಕಪ್ಪು ಬಿಳುಪಿನ, ಮೂರು ಫರ್ಮಾದೊಳಗಿನ ಕನ್ನಡ ಪುಸ್ತಿಕೆಗೆ ನಾನು ಇಲ್ಲೇ ಬರುತ್ತೇನೆ.

ಐದನೆಯದಕ್ಕೆ ದಿನ ಕೇಳಲು ಮೊನ್ನೆ ಹೋಗಿದ್ದೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಗಣಪತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ, ಹಾಗಾದರೆ ಜುಲೈನ ಸಂದು ಸ್ವಲ್ಪ ಅಗಲ ಆಗುತ್ತದಾ ಅಂತ ಕೇಳಿದೆ. ಕಾಕಾ ಕನ್ನಡಕ ಏರಿಸಿ ನನ್ನನ್ನೇ ನೋಡಿದರು, ಒಂದು ವಾರ ಜಾಸ್ತಿ ಕೊಟ್ಟರು. ನೀವು ಹೋಗುವುದಾದರೆ ಡೆಕ್ಕನ್‌ನಲ್ಲಿ ಮೆಟ್ರೋ ಇಳಿದು ನದಿ ದಾಟಿ ನಡೆಯಿರಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸರಿ ಹೊತ್ತು. ಪುಸ್ತಿಕೆಯ ಮಾದರಿ, ಅಂದರೆ ಡಮ್ಮಿ, ಕಾಗದದಲ್ಲಿ ಮಡಚಿಕೊಂಡು ಹೋಗಿ, ಫೋನಿನಲ್ಲಿ ತೋರಿಸಿದರೆ ನೋಡುವುದಿಲ್ಲ. ಪೆನ್ಸಿಲ್ ಅವರೇ ಕೊಡುತ್ತಾರೆ. ವಾಪಸ್ ಕೊಟ್ಟು ಬನ್ನಿ, ಕಳೆದ ಸಲ ನಾನು ತಂದುಬಿಟ್ಟಿದ್ದಕ್ಕೆ ಎರಡು ಸಲ ಫೋನ್ ಬಂದಿತ್ತು.